ಉಸಿರಿನ ದಾರಿಯೊಳಗೆ ಒಂಬತ್ತು ನಿಮಿಷ

ಸಂಜೆ ಆರಕ್ಕೆ ನಾನು ಐಸಿಯು ಡ್ಯೂಟಿಗೆ ಬಂದಾಗ ನಾಲ್ಕನೇ ಬೆಡ್‌ನ ವೆಂಟಿಲೇಟರ್ ಆಗಲೇ ಕೂಗುತ್ತಿತ್ತು. ಅಲ್ಲಿದ್ದವರು ಐವತ್ತು ದಾಟಿದ ಒಬ್ಬ ಹೆಂಗಸು. ಇನ್‌ಫ್ಲುಯೆಂಜಾ ಎ ಬಂದು, ಎರಡೂ ಶ್ವಾಸಕೋಶಕ್ಕೆ ನ್ಯುಮೋನಿಯಾ ಹರಡಿ, ವೆಂಟಿಲೇಟರ್ ಮೇಲೆ ಅವತ್ತಿಗೆ ಆರನೇ ದಿನ. ಹಿಂದಿನ ದಿನವಷ್ಟೇ ನಮಗೆಲ್ಲ ಸ್ವಲ್ಪ ಜೀವ ಬಂದಂತಾಗಿತ್ತು. ವೆಂಟಿಲೇಟರ್‌ನಿಂದ ಕೊಡಬೇಕಾದ ಆಕ್ಸಿಜನ್ ಶೇಕಡಾ 50ಕ್ಕೆ ಇಳಿದಿತ್ತು, ಜ್ವರ ಬಿಟ್ಟಿತ್ತು, ಇನ್ನೆರಡು ದಿನದಲ್ಲಿ ನಿದ್ದೆಯ ಔಷಧಿ ಕಡಿಮೆ ಮಾಡಬಹುದು ಅಂತ ಮಾತಾಡಿಕೊಂಡಿದ್ದೆವು. ಈಗ ನೋಡಿದರೆ 80 ಕೊಟ್ಟರೂ ಸ್ಯಾಚುರೇಶನ್, ಅಂದರೆ ರಕ್ತದಲ್ಲಿರುವ ಆಕ್ಸಿಜನ್ ಮಟ್ಟ, 90ರ ಹತ್ತಿರವೇ ತೂಗಾಡುತ್ತಿದೆ. ಜ್ವರ ಮತ್ತೆ ಏರಿದೆ. ಎಕ್ಸ್-ರೇಯಲ್ಲಿ ಎಡಗಡೆ ಕೆಳಭಾಗ ಬೆಳ್ಳಗಾಗಿದೆ, ಹೃದಯದ ನೆರಳು ಎಡಕ್ಕೆ ಸರಿದಿದೆ. ನೀರು ತುಂಬಿದ್ದರೆ ಆಚೆಗೆ ತಳ್ಳುತ್ತದೆ. ಗಾಳಿ ಹೋಗದೆ ಶ್ವಾಸಕೋಶ ಮುದುಡಿದ್ದರೆ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಇಲ್ಲಿ ಎಳೆದುಕೊಂಡಿತ್ತು.

ಪಕ್ಕದಲ್ಲಿದ್ದ ಜೂನಿಯರ್ ಡಾಕ್ಟರ್, "ಮೇಡಂ, ಬ್ರಾಂಕೋಸ್ಕೋಪಿ ಮಾಡೋಣ್ವಾ?" ಅಂತ ಕೇಳಿದರು. ಅಂದರೆ ತುದಿಯಲ್ಲಿ ಕ್ಯಾಮೆರಾ ಇರುವ, ಬಾಗುವ ತೆಳು ಕೊಳವೆಯನ್ನು ಶ್ವಾಸನಾಳಕ್ಕೆ ಇಳಿಸಿ ಒಳಗೆ ನೋಡುವುದು. ಆ ಕೊಳವೆಯನ್ನೇ ನಾವು ಸ್ಕೋಪ್ ಅನ್ನುತ್ತೇವೆ.

ನಾನು ತಕ್ಷಣ ಹೂಂ ಅನ್ನಲಿಲ್ಲ. "ಮಾಡಿದ್ರೆ ಏನು ಸಿಗಬಹುದು? ಸಿಕ್ಕರೆ ಇವತ್ತು ರಾತ್ರಿ ನಾವು ಏನು ಬದಲಾಯಿಸ್ತೀವಿ?" ಅಂತ ತಿರುಗಿ ಕೇಳಿದೆ. ಅವರನ್ನು ಪರೀಕ್ಷೆ ಮಾಡಲು ಕೇಳಿದ್ದಲ್ಲ. ನನಗೆ ನಾನೇ ಪ್ರತಿ ಸಲ ಕೇಳಿಕೊಳ್ಳುವ ಪ್ರಶ್ನೆ ಅದು.

ನಾನು ಟ್ರೇನಿಂಗ್‌ನಲ್ಲಿದ್ದಾಗ ಒಬ್ಬ ರೋಗಿಗೆ ವೈರಲ್ ನ್ಯುಮೋನಿಯಾ ಜೋರಾಗಿತ್ತು. ವೈರಸ್ ಯಾವುದು ಅಂತ ಗಂಟಲಿನ ಸ್ವಾಬ್‌ನಲ್ಲೇ ಗೊತ್ತಾಗಿತ್ತು. ಹೊಸದಾಗಿ ಕೆಟ್ಟ ಲಕ್ಷಣ ಏನೂ ಇರಲಿಲ್ಲ. ಆದರೂ "ಒಂದು ಸಲ ಒಳಗೆ ನೋಡಿಬಿಡೋಣ" ಅಂತ ತೀರ್ಮಾನವಾಯಿತು, ಸ್ಕೋಪ್ ನನ್ನ ಕೈಯಲ್ಲೇ ಇತ್ತು. ಒಳಗೆ ಕೆಂಪಗೆ ಊದಿದ ಗೋಡೆ ಬಿಟ್ಟರೆ ಏನೂ ಕಾಣಲಿಲ್ಲ. ಸಲೈನ್ ಹಾಕಿ ತೊಳೆದು ತೆಗೆದ ನೀರಿನಲ್ಲೂ ಅದೇ ವೈರಸ್. ಆದರೆ ಆ ಹತ್ತು ನಿಮಿಷದಲ್ಲಿ ಅವರ ಸ್ಯಾಚುರೇಶನ್ 70ರ ಆಸುಪಾಸಿಗೆ ಬಿತ್ತು, ಮೊದಲಿದ್ದ ಸ್ಥಿತಿಗೆ ಬರಲು ಇಡೀ ರಾತ್ರಿ ಹಿಡಿಯಿತು. ಬೆಳಗಿನವರೆಗೂ ನಾನು ಆ ಬೆಡ್ ಬಿಟ್ಟು ಕದಲಲಿಲ್ಲ. ಅವರು ಉಳಿದರು. ಆದರೆ ಆ ರಾತ್ರಿ ಅವರು ಪಟ್ಟ ಕಷ್ಟಕ್ಕೆ ಬದಲಾಗಿ ಅವರಿಗೆ ನಾವು ಏನನ್ನೂ ಕೊಡಲಿಲ್ಲ, ಅದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಈ ಸಲ ಜೂನಿಯರ್ ಹತ್ತಿರ ಉತ್ತರ ಇತ್ತು. ಮಧ್ಯಾಹ್ನದಿಂದ ಫಿಸಿಯೋಥೆರಪಿ ಆಗಿದೆ, ಟ್ಯೂಬ್ ಒಳಗೆ ಕಫ ಎಳೆಯುವ ಸಕ್ಷನ್ ಹಾಕಿದ್ದಾರೆ, ಮಗ್ಗುಲು ಬದಲಾಯಿಸಿದ್ದಾರೆ, ಎಡಗಡೆ ತೆರೆದುಕೊಂಡಿಲ್ಲ. ಹಾಗಾಗಿ ಗಟ್ಟಿ ಕಫ ಅಡ್ಡ ಕೂತಿರಬಹುದು, ತೆಗೆದರೆ ಇವತ್ತೇ ಲಾಭ. ಇನ್ನೊಂದು, ಇಳಿದ ಜ್ವರ ಮತ್ತೆ ಏರಿದೆ. ಫ್ಲೂ ಆದಮೇಲೆ ಅದರ ಬೆನ್ನಿಗೇ ಬ್ಯಾಕ್ಟೀರಿಯಾ ಬರುವುದು ಹೊಸದಲ್ಲ. ಜೊತೆಗೆ ಇವರಿಗೆ ನಮ್ಮಲ್ಲಿಗೆ ಬರುವ ಮೊದಲೇ ಐದು ದಿನ ಸ್ಟೀರಾಯ್ಡ್ ಹೋಗಿತ್ತು. ಅಂದರೆ ಫಂಗಸ್ ಕೂಡ ಇರಬಹುದು, ಮುಖ್ಯವಾಗಿ ಆಸ್ಪರ್ಜಿಲಸ್. ಇದರ ಬೀಜಕಣ ಗಾಳಿಯಲ್ಲಿ ಎಲ್ಲ ಕಡೆ ಇದೆ, ನಾವೆಲ್ಲ ದಿನಾ ಉಸಿರಾಡುತ್ತೇವೆ, ಏನೂ ಆಗುವುದಿಲ್ಲ. ಆದರೆ ಫ್ಲೂ ವೈರಸ್ ಶ್ವಾಸನಾಳದ ಒಳಪದರವನ್ನೇ ಕಿತ್ತುಹಾಕಿರುತ್ತದೆ, ಸ್ಟೀರಾಯ್ಡ್ ದೇಹದ ಕಾವಲನ್ನು ಸಡಿಲ ಮಾಡಿರುತ್ತದೆ. ಆಗ ಅದೇ ಬೀಜಕಣ ಬೇರು ಬಿಡುತ್ತದೆ. ಇದಕ್ಕೆ ಕೊಡುವ ಔಷಧಿಯೇ ಬೇರೆ. ಸುಮ್ನೆ ಆಂಟಿಬಯಾಟಿಕ್ ಬದಲಾಯಿಸುತ್ತಾ ಕೂತರೆ ರೋಗಿ ಕೈ ತಪ್ಪಿ ಹೋಗುತ್ತಾರೆ.

ಸರಿ, ಮಾಡೋಣ ಅಂದೆ.

ಹೊರಗೆ ಅವರ ಮಗ ಕೂತಿದ್ದ. ಇಪ್ಪತ್ತೈದು ಇರಬಹುದು. ಆರು ದಿನದಿಂದ ಅದೇ ಕುರ್ಚಿ. ನಾನು ವಿಷಯ ಹೇಳುತ್ತಿದ್ದಂತೆ ಅವನ ಮುಖದಲ್ಲಿ ಆಸೆ ಮೂಡಿತು. "ಅಂದ್ರೆ ಅಮ್ಮನ ಶ್ವಾಸಕೋಶ ತೊಳೆದುಬಿಡ್ತೀರಾ ಡಾಕ್ಟ್ರೇ? ಕಫ ಎಲ್ಲ ಹೊರಗೆ ಬಂದ್ರೆ ಸರಿಹೋಗ್ತಾರೆ ಅಲ್ವಾ?"

ತುಂಬಾ ಜನ ಹೀಗೇ ಅಂದುಕೊಂಡಿರುತ್ತಾರೆ, ಅದರಲ್ಲಿ ಅವರ ತಪ್ಪೇನಿಲ್ಲ. ನಾನು ಅವನ ಪಕ್ಕ ಕೂತು ಕಾಗದದ ಮೇಲೆ ಚಿತ್ರ ಬರೆದೆ. ಶ್ವಾಸನಾಳ ಮರದ ಕೊಂಬೆಯ ಹಾಗೆ ಒಡೆಯುತ್ತಾ ಹೋಗುತ್ತದೆ, ಹೆಚ್ಚುಕಡಿಮೆ 23 ಸಲ. ನಮ್ಮ ಸ್ಕೋಪ್ ಹೋಗುವುದು ಮೊದಲ ನಾಲ್ಕೈದು ಕವಲಿನವರೆಗೆ ಮಾತ್ರ. ವೈರಸ್ ಹಾಳು ಮಾಡಿರುವುದು ತುದಿಯಲ್ಲಿರುವ ಸಣ್ಣ ಸಣ್ಣ ಗಾಳಿಚೀಲಗಳನ್ನು, ಅಲ್ಲಿಗೆ ಯಾವ ಸ್ಕೋಪೂ ಮುಟ್ಟುವುದಿಲ್ಲ. ಅಲ್ಲಿನ ಗಾಯ ಮಾಯಬೇಕು, ಅದಕ್ಕೆ ದಿನಗಳು, ವಾರಗಳು ಬೇಕು. "ದೊಡ್ಡ ಕೊಳವೆಗೆ ಏನಾದ್ರೂ ಅಡ್ಡ ಕೂತಿದ್ರೆ ತೆಗೀತೀನಿ. ಹೊಸ ಸೋಂಕು ಯಾವುದು ಅಂತ ತಿಳಿಯೋಕೆ ಸ್ವಲ್ಪ ನೀರು ಹಾಕಿ ವಾಪಸ್ ತೆಗೀತೀನಿ. ಇದು ಚಿಕಿತ್ಸೆ ಅಲ್ಲ, ಚಿಕಿತ್ಸೆಗೆ ದಾರಿ" ಅಂದೆ. ಅಪಾಯವನ್ನೂ ಹೇಳಿದೆ. ಆಕ್ಸಿಜನ್ ಇಳಿಯುತ್ತದೆ, ರಕ್ತ ಬರಬಹುದು, ಅಪರೂಪಕ್ಕೆ ಶ್ವಾಸಕೋಶ ತೂತಾಗಿ ಗಾಳಿ ಸೋರಬಹುದು, ಹೃದಯದ ಬಡಿತ ತಪ್ಪಬಹುದು. ಮುಚ್ಚಿಟ್ಟು ಸಹಿ ಹಾಕಿಸಿಕೊಳ್ಳುವುದು ನನಗೆ ಆಗುವುದಿಲ್ಲ.

ಅವನು ಕೇಳಿದ್ದು ಒಂದೇ. "ಅಮ್ಮಂಗೆ ನೋವಾಗುತ್ತಾ?"

ಇಲ್ಲ, ಗಾಢ ನಿದ್ದೆಯಲ್ಲಿರುತ್ತಾರೆ ಅಂದೆ. ಸಹಿ ಹಾಕಿದ.

ತಯಾರಿಗೆ ಒಂದೂವರೆ ಗಂಟೆ ಹಿಡಿಯಿತು. ಹೊರಗಿನವರಿಗೆ ಇದು ತಡ ಅನ್ನಿಸಬಹುದು. ನನ್ನ ಅನುಭವದಲ್ಲಿ ರೋಗಿ ತಡೆದುಕೊಳ್ಳುತ್ತಾರೋ ಇಲ್ಲವೋ ಅನ್ನುವುದು ಬಹುಪಾಲು ಈ ಹೊತ್ತಿನಲ್ಲೇ ತೀರ್ಮಾನವಾಗಿರುತ್ತದೆ.

ಮೊದಲ ವಿಷಯ ಟ್ಯೂಬ್‌ನ ಅಳತೆ. ಇವರ ಬಾಯಲ್ಲಿದ್ದ ಟ್ಯೂಬ್ 7.5 ಮಿಲಿಮೀಟರ್. ಅದೊಂದೇ ಇವರ ಉಸಿರಿನ ದಾರಿ, ಅದರೊಳಗೇ ನಾನು ಸ್ಕೋಪ್ ತೂರಿಸಬೇಕು. 5.7 ಮಿಲಿಮೀಟರ್ ದಪ್ಪದ ಸ್ಕೋಪ್ ಹಾಕಿದರೆ ದಾರಿಯ ಅರ್ಧಕ್ಕಿಂತ ಜಾಸ್ತಿ ಮುಚ್ಚಿಹೋಗುತ್ತದೆ. 5 ಮಿಲಿಮೀಟರ್‌ನದ್ದಾದರೆ ಅರ್ಧಕ್ಕಿಂತ ಸ್ವಲ್ಪ ಹೆಚ್ಚೇ ತೆರೆದಿರುತ್ತದೆ. ಇನ್ನೂ ತೆಳ್ಳಗಿನದು ತಗೊಂಡರೆ ಉಸಿರಿಗೆ ಒಳ್ಳೆಯದು, ಆದರೆ ಅದರ ಸಕ್ಷನ್ ದಾರಿಯೂ ಕಿರಿದು, ಗಟ್ಟಿ ಕಫ ಏಳುವುದೇ ಇಲ್ಲ. ಹಾಗಾಗಿ ಒಂದೇ ಸಲ ಬಳಸಿ ಬಿಸಾಡುವ 5 ಮಿಲಿಮೀಟರ್ ಸ್ಕೋಪ್ ತಗೊಂಡೆ. ಒಬ್ಬರಿಂದ ಇನ್ನೊಬ್ಬರಿಗೆ ಸೋಂಕು ಹೋಗುವ ಭಯವೂ ಇಲ್ಲ.

ಆಮೇಲೆ ವೆಂಟಿಲೇಟರ್. ಆಕ್ಸಿಜನ್ 100 ಮಾಡಿ ಹದಿನೈದು ನಿಮಿಷ ಕಾದೆವು. ಒತ್ತಡದ ಅಲಾರಂ ಮಿತಿಯನ್ನು ಮೇಲಕ್ಕೆ ಇಟ್ಟೆವು. ಇದನ್ನು ಮರೆತರೆ ದೊಡ್ಡ ತೊಂದರೆ. ಸ್ಕೋಪ್ ಅಡ್ಡ ಬಂದ ತಕ್ಷಣ ಯಂತ್ರಕ್ಕೆ ಒತ್ತಡ ಜಾಸ್ತಿ ಕಾಣುತ್ತದೆ, ಮಿತಿ ಹಳೆಯದೇ ಇದ್ದರೆ ಅದು ಉಸಿರನ್ನು ಅರ್ಧಕ್ಕೇ ನಿಲ್ಲಿಸಿಬಿಡುತ್ತದೆ. ಆ ಒತ್ತಡದಲ್ಲಿ ಹೆಚ್ಚಿನ ಪಾಲು ಟ್ಯೂಬ್‌ನಲ್ಲೇ ಕಳೆದುಹೋಗುತ್ತದೆ, ಶ್ವಾಸಕೋಶಕ್ಕೆ ಪೂರ್ತಿ ತಲುಪುವುದಿಲ್ಲ. ಹಾಗಂತ ನಿರಾಳವಾಗಿ ಇರುವಂತಿಲ್ಲ. ಒಳಗೆ ಹೋದ ಗಾಳಿ ಹೊರಗೆ ಬರುವುದೂ ನಿಧಾನವಾಗುತ್ತದೆ, ಒಳಗೇ ಸೇರಿಕೊಳ್ಳುತ್ತಾ ಹೋಗುತ್ತದೆ. ಹಾಗಾಗಿ ವಾಪಸ್ ಬರುವ ಗಾಳಿ ಎಷ್ಟು ಅಂತ ಒಬ್ಬರು ಕಣ್ಣಿಟ್ಟು ನೋಡುತ್ತಿರಬೇಕು. ನಮ್ಮ ರೆಸ್ಪಿರೇಟರಿ ಥೆರಪಿಸ್ಟ್ ಆ ಕೆಲಸಕ್ಕೇ ನಿಂತರು.

ಮೂಗಿನ ಕೊಳವೆಯ ಆಹಾರ ನಿಲ್ಲಿಸಿ ಹೊಟ್ಟೆಯಲ್ಲಿದ್ದದ್ದನ್ನು ಎಳೆದು ತೆಗೆದೆವು. ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೆಪಾರಿನ್‌ನ ಮುಂದಿನ ಡೋಸ್ ತಡೆದೆವು. ರಕ್ತ ನಿಲ್ಲಿಸುವ ಪ್ಲೇಟ್‌ಲೆಟ್ ಸಾಕಷ್ಟಿತ್ತು. ನಿದ್ದೆಯ ಔಷಧಿ ಏರಿಸಿ, ಸ್ನಾಯು ಸಡಿಲ ಮಾಡುವ ಇಂಜೆಕ್ಷನ್ ಕೊಟ್ಟೆವು. ಒಂದು ಕೆಮ್ಮು ಬಂದರೂ ಒಳಗಿನ ಒತ್ತಡ ಒಮ್ಮೆಲೇ ಏರುತ್ತದೆ, ಕೋಣೆ ತುಂಬ ವೈರಸ್ ಹನಿ ಹಾರುತ್ತದೆ.

2020ರಲ್ಲಿ ಕೊರೊನಾ ಬಂದ ಮೊದಲ ತಿಂಗಳುಗಳಲ್ಲಿ ಬ್ರಾಂಕೋಸ್ಕೋಪಿಯನ್ನು ತೀರಾ ಅಗತ್ಯವಿದ್ದರೆ ಮಾತ್ರ ಮಾಡಿ ಅಂತ ಎಲ್ಲ ಕಡೆ ಹೇಳುತ್ತಿದ್ದದ್ದು ಈ ಕಾರಣಕ್ಕೇ. ಆಗ ನಮಗೆ ಭಯ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ದಿನಗಳು ಕಲಿಸಿದ ಶಿಸ್ತನ್ನು ನಾನು ಬಿಟ್ಟಿಲ್ಲ. ಎನ್95 ಮಾಸ್ಕ್, ಕನ್ನಡಕ, ಗೌನ್, ಎರಡು ಜೊತೆ ಗ್ಲೌಸ್. ಒಳಗೆ ನಾಲ್ಕೇ ಜನ. ಬೇಕಾದ್ದೆಲ್ಲ ಮೊದಲೇ ಟ್ರೇನಲ್ಲಿ. ಬಾಗಿಲು ತೆರೆದು ಮುಚ್ಚಿ ಓಡಾಡುವ ಹಾಗಿಲ್ಲ.

ಶುರು ಮಾಡುವ ಮೊದಲು ಎಲ್ಲರೂ ನಿಂತು ಒಂದು ಮಾತು ಗಟ್ಟಿ ಮಾಡಿಕೊಂಡೆವು. ಸಿಸ್ಟರ್ ಸ್ಯಾಚುರೇಶನ್ ಅನ್ನು ಜೋರಾಗಿ ಹೇಳುತ್ತಾ ಇರಬೇಕು. 88ಕ್ಕೆ ಬಂದರೆ ನಾನು ಎಲ್ಲಿದ್ದರೂ ಸ್ಕೋಪ್ ಹೊರಗೆ. "ನಾನು ಇನ್ನೊಂದ್ನಿಮಿಷ ಅಂದ್ರೂ ನೀವು ಬಿಡಬೇಡಿ ಸಿಸ್ಟರ್" ಅಂತ ಹೇಳಿದೆ. ಇದನ್ನು ಬೇಕಂತಲೇ ಹೇಳುತ್ತೇನೆ. ಸ್ಕ್ರೀನ್ ಒಳಗೆ ಮುಳುಗಿದವರಿಗೆ ಹೊತ್ತು ಹೋದದ್ದು ಗೊತ್ತಾಗುವುದಿಲ್ಲ, ಕಫದ ತುಂಡು ಇನ್ನೇನು ಬಂತು ಅನ್ನುವಾಗ ಕೈ ಬಿಡಲು ಮನಸ್ಸು ಬರುವುದಿಲ್ಲ.

ಸ್ಕೋಪ್ ಒಳಗೆ ಹೋಯಿತು. ಟ್ಯೂಬ್‌ನ ತುದಿ ದಾಟಿದ ಮೇಲೆ ಕಂಡ ಶ್ವಾಸನಾಳ ಕೆಂಡದ ಹಾಗೆ ಕೆಂಪು. ಆರೋಗ್ಯವಾಗಿದ್ದರೆ ಅದು ತಿಳಿ ಗುಲಾಬಿ ಬಣ್ಣದ್ದು, ಉಂಗುರ ಉಂಗುರವಾಗಿ ಸ್ಪಷ್ಟವಾಗಿ ಕಾಣುತ್ತದೆ. ಇಲ್ಲಿ ಊದಿಕೊಂಡು ಉಂಗುರಗಳೇ ಮುಚ್ಚಿಹೋಗಿದ್ದವು, ಸ್ಕೋಪ್ ತಾಗಿದ ಕಡೆ ರಕ್ತ ಜಿನುಗುತ್ತಿತ್ತು. ಗೋಡೆಗೆ ತಾಗದ ಹಾಗೆ ನಡುವಿನಲ್ಲೇ ಇಳಿಸಿದೆ. ದಾರಿ ಎರಡಾಗಿ ಒಡೆಯುವಲ್ಲಿ ಬಲಗಡೆ ಇಣುಕಿದೆ, ತೆಳು ಕಫ ಬಿಟ್ಟರೆ ಏನಿಲ್ಲ. ಎಡಕ್ಕೆ ತಿರುಗಿದೆ.

ಅಲ್ಲಿ ಕೂತಿತ್ತು. ಕಂದು ಹಳದಿ ಬಣ್ಣ, ಅಂಟಿನ ಹಾಗೆ, ಕೆಳಗಿನ ಭಾಗಕ್ಕೆ ಹೋಗುವ ಬಾಯಿಯನ್ನು ಬಿರಡೆ ಹಾಕಿದಂತೆ ಮುಚ್ಚಿತ್ತು.

ಸಕ್ಷನ್ ಒತ್ತಿದೆ. ಈ ಸಕ್ಷನ್ ಬಗ್ಗೆ ಕಲಿಯುವವರಿಗೆ ನಾನು ಯಾವಾಗಲೂ ಹೇಳುತ್ತೇನೆ, ಅದು ಕಫವನ್ನು ಮಾತ್ರ ಎಳೆಯುವುದಿಲ್ಲ, ವೆಂಟಿಲೇಟರ್ ಕೊಟ್ಟ ಗಾಳಿಯನ್ನೂ ಎಳೆಯುತ್ತದೆ, ಇಷ್ಟು ದಿನ ಕಷ್ಟಪಟ್ಟು ತೆರೆದಿಟ್ಟ ಗಾಳಿಚೀಲಗಳು ಆ ಎಳೆತಕ್ಕೆ ಮತ್ತೆ ಮುಚ್ಚಿಕೊಳ್ಳುತ್ತವೆ, ಅದಕ್ಕೆ ಮೂರು ನಾಲ್ಕು ಸೆಕೆಂಡಿಗಿಂತ ಜಾಸ್ತಿ ಬೆರಳು ಒತ್ತಿ ಹಿಡಿಯಬಾರದು. ಒತ್ತಿ ಬಿಟ್ಟೆ, ಒತ್ತಿ ಬಿಟ್ಟೆ. ಬರಲಿಲ್ಲ. 10 ಎಂಎಲ್ ಸಲೈನ್ ಹಾಕಿ ಸಡಿಲ ಮಾಡಿದೆ. ಸಿಸ್ಟರ್ "ತೊಂಬತ್ತಾರು... ತೊಂಬತ್ಮೂರು... ತೊಂಬತ್ತು" ಅನ್ನುತ್ತಿದ್ದರು. ಬಿರಡೆಯ ಅಂಚು ಎದ್ದಿತು. "ಎಂಬತ್ತೆಂಟು, ಮೇಡಂ." ಹೊರಗೆ ತೆಗೆದೆ.

ಐದು ನಿಮಿಷ ಕಾದೆವು. ಯಾರೂ ಮಾತಾಡಲಿಲ್ಲ. ಸ್ಯಾಚುರೇಶನ್ ಮೆಲ್ಲಗೆ 95ಕ್ಕೆ ಬಂತು.

ಎರಡನೇ ಸಲ ಸ್ಕೋಪ್‌ನ ತುದಿಗೇ ಕಫ ಕಚ್ಚಿಕೊಂಡು ಬಂತು. ಸಕ್ಷನ್ ದಾರಿಯೊಳಗೆ ಅದು ಹಿಡಿಸುವುದಿಲ್ಲ, ಹಾಗಾಗಿ ಎಳೆತ ಬಿಡದೆ ಇಡೀ ಸ್ಕೋಪನ್ನೇ ಹೊರಗೆ ತೆಗೆದೆ. ಬೆರಳಿನ ಗೆಣ್ಣಿನಷ್ಟು ಉದ್ದ, ಕೊಳವೆಯ ಅಚ್ಚು ತೆಗೆದ ಹಾಗೆ ಕವಲು ಕವಲಾಗಿತ್ತು. ಬ್ರಾಂಕೋಸ್ಕೋಪಿ ಶುರುವಾದದ್ದೇ ಹೀಗೆ ಅಡ್ಡ ಕೂತದ್ದನ್ನು ತೆಗೆಯುವುದಕ್ಕೆ. 1897ರಲ್ಲಿ ಜರ್ಮನಿಯ ಗುಸ್ತಾವ್ ಕಿಲಿಯನ್ ನೇರವಾದ ಲೋಹದ ಕೊಳವೆ ಇಳಿಸಿ ಒಬ್ಬ ರೈತನ ಶ್ವಾಸನಾಳದಿಂದ ಮೂಳೆಯ ಚೂರು ತೆಗೆದಿದ್ದರು. ಹೀಗೆ ಬಾಗುವ ಸ್ಕೋಪ್ ಬಂದದ್ದು ಬಹಳ ಆಮೇಲೆ, 1960ರ ದಶಕದಲ್ಲಿ ಜಪಾನಿನ ಶಿಗೆಟೊ ಇಕೆಡಾ ಅವರಿಂದ. ಅದು ಇಲ್ಲದಿದ್ದರೆ ಇಂಥ ರೋಗಿಯ ಬೆಡ್ ಪಕ್ಕ ನಿಂತು ನಾವು ಇದನ್ನು ಮಾಡಲು ಆಗುತ್ತಲೇ ಇರಲಿಲ್ಲ.

ಮೂರನೇ ಸಲ ಒಳಗೆ ಹೋದಾಗ ದಾರಿ ತೆರೆದಿತ್ತು. ಅಲ್ಲೇ ನನ್ನ ಕೈ ನಿಂತುಹೋಯಿತು. ಬಿರಡೆ ಇದ್ದ ಜಾಗದ ಹಿಂದೆ, ಗೋಡೆಯ ಮೇಲೆ ಬೆಳ್ಳನೆಯ ತೇಪೆಗಳು. ಸಲೈನ್ ಹಾಕಿದೆ, ಹೋಗಲಿಲ್ಲ. ಕಫವಾಗಿದ್ದರೆ ತೊಳೆದುಹೋಗಬೇಕಿತ್ತು. ಇದು ಗೋಡೆಗೇ ಕಚ್ಚಿಕೊಂಡಿತ್ತು. ಜೂನಿಯರ್‌ಗೆ ಸ್ಕ್ರೀನ್ ತೋರಿಸಿದೆ, ಅವರಿಗೂ ಅರ್ಥವಾಯಿತು. ಎಕ್ಸ್-ರೇ ಇದನ್ನು ತೋರಿಸುವುದಿಲ್ಲ. ಟ್ಯೂಬ್‌ನಿಂದ ಎಳೆದ ಕಫದಲ್ಲಿ ಫಂಗಸ್ ಸಿಕ್ಕರೂ ಸುಮ್ಮನೆ ಅಲ್ಲಿ ಇದೆಯೋ, ನಿಜವಾಗಿ ಕಾಯಿಲೆ ಮಾಡುತ್ತಿದೆಯೋ ಅನ್ನುವ ಅನುಮಾನ ಉಳಿಯುತ್ತದೆ. ಕಣ್ಣಾರೆ ಕಂಡಾಗ ಆ ಅನುಮಾನ ಬಹಳ ಕಡಿಮೆಯಾಗುತ್ತದೆ.

ಕೊನೆಗೆ ಲ್ಯಾವೇಜ್. ಸ್ಕೋಪ್‌ನ ತುದಿಯನ್ನು ಒಂದು ಸಣ್ಣ ಕವಲಿನಲ್ಲಿ ಬಿಗಿಯಾಗಿ ಕೂರಿಸಿ ಸಲೈನ್ ಬಿಟ್ಟು ವಾಪಸ್ ಎಳೆಯುವುದು. ಸಾಮಾನ್ಯವಾಗಿ 100 ಎಂಎಲ್‌ಗಿಂತ ಜಾಸ್ತಿ ಹಾಕುತ್ತಾರೆ. ಇವರಿಗೆ ಅಷ್ಟು ಹಾಕುವ ಧೈರ್ಯ ನಾನು ಮಾಡಲಿಲ್ಲ, ವಾಪಸ್ ಬಾರದ ನೀರು ಒಳಗೇ ಉಳಿಯುತ್ತದೆ. 20ರಂತೆ ಮೂರು ಸಲ ಹಾಕಿದೆ, 24 ಎಂಎಲ್ ವಾಪಸ್ ಬಂತು. ಪರೀಕ್ಷೆಗೆ ಸಾಕು. ಮೂರೂ ಸಲ ಸೇರಿ ಸ್ಕೋಪ್ ಒಳಗಿದ್ದದ್ದು ಒಂಬತ್ತು ನಿಮಿಷ.

ಬಾಟಲಿಗಳನ್ನು ಆಗಲೇ ಲ್ಯಾಬ್‌ಗೆ ಕಳಿಸಿ, ನಾನೇ ಫೋನ್ ಮಾಡಿ ಏನು ಅನುಮಾನ ಅಂತ ಹೇಳಿದೆ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಏನು ಹುಡುಕಬೇಕು ಅಂತ ಗೊತ್ತಿದ್ದವರ ಕಣ್ಣಿಗೆ ಬೇಗ ಸಿಗುತ್ತದೆ.

ಆಮೇಲಿನ ಎರಡು ಗಂಟೆ ಸುಲಭವಾಗಿರಲಿಲ್ಲ. ಅಡ್ಡ ಇದ್ದದ್ದು ಹೋಯಿತಲ್ಲ, ತಕ್ಷಣ ಸುಧಾರಿಸಬೇಕು ಅಂತ ಅನ್ನಿಸುತ್ತದೆ. ಹಾಗಾಗುವುದಿಲ್ಲ. ಸಕ್ಷನ್‌ಗೆ ಮುಚ್ಚಿದ ಗಾಳಿಚೀಲ, ಒಳಗುಳಿದ ನೀರು ಎರಡೂ ಸೇರಿ ಸ್ಯಾಚುರೇಶನ್ 90ರಲ್ಲೇ ನಿಂತಿತು, 100 ಆಕ್ಸಿಜನ್ ಕೊಟ್ಟರೂ. ಎಕ್ಸ್-ರೇ ತೆಗೆಸಿ ಗಾಳಿ ಸೋರಿಲ್ಲ ಅಂತ ಖಾತ್ರಿ ಮಾಡಿಕೊಂಡೆವು. ಪೀಪ್, ಅಂದರೆ ಉಸಿರು ಬಿಟ್ಟಾಗಲೂ ಗಾಳಿಚೀಲ ಮುಚ್ಚದ ಹಾಗೆ ವೆಂಟಿಲೇಟರ್ ಒಳಗೆ ಉಳಿಸುವ ಒತ್ತಡ, ಅದನ್ನು ಸ್ವಲ್ಪ ಏರಿಸಿ ಕಾದೆವು. ರಾತ್ರಿ ಹನ್ನೊಂದಕ್ಕೆ 102 ಡಿಗ್ರಿ ಜ್ವರ. ಲ್ಯಾವೇಜ್ ಆದ ರಾತ್ರಿ ಹೀಗೆ ಜ್ವರ ಬರುವುದುಂಟು ಅಂತ ಗೊತ್ತಿದ್ದರೂ ಮನಸ್ಸು ಕೇಳಬೇಕಲ್ಲ. ಹಳೆಯ ಆ ರಾತ್ರಿ ನೆನಪಾಗುತ್ತಿತ್ತು. ಮಗ ಕಿಟಕಿಯಿಂದ ಎರಡು ಸಲ ನೋಡಿಹೋದ. ಎರಡೂ ಸಲ ಹೊರಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಹನ್ನೆರಡೂವರೆಗೆ ಲ್ಯಾಬ್‌ನಿಂದ ಫೋನ್ ಬಂತು. ಕವಲೊಡೆದ ಫಂಗಸ್ ಎಳೆಗಳು ಕಾಣುತ್ತಿವೆ. ಹತ್ತು ನಿಮಿಷದಲ್ಲಿ ಫಂಗಸ್‌ಗೆ ಕೊಡುವ ಔಷಧಿ ವೊರಿಕೊನಝೋಲ್ ಶುರು ಮಾಡಿದೆವು. ಬೆಳಿಗ್ಗೆ ಹೊತ್ತಿಗೆ ಆಕ್ಸಿಜನ್ 70ಕ್ಕೆ ಇಳಿಸಲು ಆಯಿತು. ಎರಡು ದಿನ ಬಿಟ್ಟು ಲ್ಯಾವೇಜ್ ನೀರಿನಲ್ಲಿ ಆಸ್ಪರ್ಜಿಲಸ್‌ನ ಗುರುತು ಹುಡುಕುವ ಗ್ಯಾಲಕ್ಟೊಮ್ಯಾನನ್ ವರದಿಯೂ ಪಾಸಿಟಿವ್ ಬಂತು. ಬ್ಯಾಕ್ಟೀರಿಯಾ ಏನೂ ಬೆಳೆಯಲಿಲ್ಲ, ಹಾಗಾಗಿ ಎರಡು ಆಂಟಿಬಯಾಟಿಕ್ ನಿಲ್ಲಿಸಿದೆವು. ಇದನ್ನು ಯಾರೂ ಅಷ್ಟಾಗಿ ಲೆಕ್ಕಕ್ಕೆ ಇಡುವುದಿಲ್ಲ. ಬೇಡದ ಔಷಧಿ ನಿಲ್ಲಿಸುವುದು ಕಿಡ್ನಿಗೆ ಎಷ್ಟು ದೊಡ್ಡ ಉಪಕಾರ ಅಂತ ಐಸಿಯುನಲ್ಲಿ ಕೆಲಸ ಮಾಡಿದವರಿಗೆ ಗೊತ್ತು.

ಅದೇ ವಾರ ಏಳನೇ ಬೆಡ್‌ನಲ್ಲಿ ಇನ್ನೊಬ್ಬರಿದ್ದರು. ಅವರದ್ದೂ ಜೋರು ವೈರಲ್ ನ್ಯುಮೋನಿಯಾ, ಆದರೆ ಎಚ್ಚರ ಇದ್ದರು, ಟ್ಯೂಬ್ ಇರಲಿಲ್ಲ, ಮೂಗಿಗೆ ಹೈ ಫ್ಲೋ ಆಕ್ಸಿಜನ್ ಮೇಲೆ ಹೇಗೋ ತೂಗಿಸಿಕೊಂಡು ಹೋಗುತ್ತಿದ್ದರು. ನಾಲ್ಕನೇ ಬೆಡ್‌ನಲ್ಲಿ ಉತ್ತರ ಸಿಕ್ಕಿದ್ದು ನೋಡಿ ಇವರಿಗೂ ಮಾಡೋಣ ಅಂತ ಮಾತು ಬಂತು. ನಾನು ಬೇಡ ಅಂದೆ. ಎಚ್ಚರ ಇರುವವರ ಶ್ವಾಸನಾಳಕ್ಕೆ ಸ್ಕೋಪ್ ಇಳಿಸಿದರೆ, ಅಷ್ಟು ಕಡಿಮೆ ಆಕ್ಸಿಜನ್ ಇರುವಾಗ, ಆ ಮೇಜಿನ ಮೇಲೇ ವೆಂಟಿಲೇಟರ್‌ಗೆ ಹೋಗುವ ಅಪಾಯ ಇದ್ದೇ ಇದೆ. ಎಕ್ಸ್-ರೇಯಲ್ಲಿ ಮುದುಡಿದ ಭಾಗ ಇರಲಿಲ್ಲ, ಜ್ವರ ಇಳಿಯುತ್ತಿತ್ತು, ಸ್ವಾಬ್‌ನಲ್ಲಿ ವೈರಸ್ ಸಿಕ್ಕಿತ್ತು, ಅವರೇ ಕೆಮ್ಮಿ ಕಫ ಕೊಡುತ್ತಿದ್ದರು. ಮಾಡಿದರೆ ಏನು ಸಿಗಬಹುದು ಅನ್ನುವ ಮೊದಲ ಪ್ರಶ್ನೆಗೇ ಉತ್ತರ ಇರಲಿಲ್ಲ. ಕೈಕಟ್ಟಿ ಕಾಯುವುದು ಕಷ್ಟ, ಮನೆಯವರೂ ಕೇಳುತ್ತಾರೆ, "ಅವರಿಗೆ ಮಾಡಿದ್ರಿ, ಇವರಿಗೆ ಯಾಕಿಲ್ಲ?" ಕೂತು ಹೇಳಬೇಕು. ಒಂಬತ್ತನೇ ದಿನ ಅವರು ನಡೆದುಕೊಂಡೇ ವಾರ್ಡ್‌ಗೆ ಹೋದರು.

ನಾಲ್ಕನೇ ಬೆಡ್‌ನವರಿಗೆ ಅಷ್ಟು ಬೇಗ ಆಗಲಿಲ್ಲ. ಹದಿನೈದನೇ ದಿನ ಟ್ರೇಕಿಯಾಸ್ಟಮಿ, ಅಂದರೆ ಕುತ್ತಿಗೆಯಲ್ಲಿ ತೂತು ಮಾಡಿ ಶ್ವಾಸನಾಳಕ್ಕೆ ನೇರವಾಗಿ ಟ್ಯೂಬ್ ಹಾಕುವುದು, ಮಾಡಬೇಕಾಯಿತು. ಸೂಜಿ ಸರಿಯಾದ ಜಾಗಕ್ಕೆ ಬರುತ್ತಿದೆಯಾ ಅಂತ ಒಳಗಿನಿಂದ ನೋಡಲು ಸ್ಕೋಪ್ ಹಾಕಲೇಬೇಕಿತ್ತು. ಆ ಸಲ ಸ್ಕೋಪ್ ಹಿಡಿದವರು ಜೂನಿಯರ್. ಸಿಸ್ಟರ್ ಅದೇ ರೀತಿ ಸಂಖ್ಯೆ ಹೇಳುತ್ತಿದ್ದರು. ಕೆಲಸ ಮುಗಿದ ಮೇಲೆ ಅರ್ಧ ನಿಮಿಷ ಎಡಗಡೆ ಇಣುಕಿದೆವು. ತೇಪೆಗಳಲ್ಲಿ ಒಂದು ಸಣ್ಣದು ಮಾತ್ರ ಉಳಿದಿತ್ತು. ಉಂಗುರಗಳು ಕಾಣುತ್ತಿದ್ದವು.

ಇಪ್ಪತ್ತಾರನೇ ದಿನ ಅವರು ವೆಂಟಿಲೇಟರ್ ಇಲ್ಲದೆ ಕುರ್ಚಿಯಲ್ಲಿ ಕೂತಿದ್ದರು. ಮಾತು ಇನ್ನೂ ಬರುತ್ತಿರಲಿಲ್ಲ, ಬರೆಯಲು ಒಂದು ಸಣ್ಣ ಬೋರ್ಡ್ ಕೊಟ್ಟಿದ್ದೆವು. ನಾನು ರೌಂಡ್ಸ್‌ಗೆ ಹೋದಾಗ ನಡುಗುವ ಕೈಯಲ್ಲಿ ಬರೆದರು. "ಒಳಗೆ ಏನಿತ್ತು?"

ಸ್ಕೋಪ್‌ನಲ್ಲಿ ತೆಗೆದ ಎರಡು ಫೋಟೋ ನನ್ನ ಹತ್ತಿರ ಇದ್ದವು, ಆರನೇ ದಿನದ್ದು ಮತ್ತು ಹದಿನೈದನೇ ದಿನದ್ದು. ಎರಡನ್ನೂ ಪಕ್ಕಪಕ್ಕ ಹಿಡಿದು ತೋರಿಸಿದೆ. ಬಹಳ ಹೊತ್ತು ನೋಡಿದರು. ಆಮೇಲೆ ಮಗನ ತೋಳು ಹಿಡಿದು ಎಳೆದು, ಅವನಿಗೂ ತೋರಿಸಿ ಅಂತ ಸನ್ನೆ ಮಾಡಿದರು.